ಗೆದ್ದೇಬಿಟ್ಟೆವೆಂದ ಆಟ ಡ್ರಾ ಆಯಿತು

ದೋಹಾ: ನಜ್ಮಾದ ನಮ್ಮ ಕೋಣೆಯಲ್ಲಿ ಚೆಸ್ ಮಣೆ ಹೊರಬಂದದ್ದು 2023ರ ಅಕ್ಟೋಬರ್‌ನಲ್ಲಿ. ಕತಾರ್ ಮಾಸ್ಟರ್ಸ್ ಟೂರ್ನಿಯಲ್ಲಿ ತಮಿಳುನಾಡಿನ ಕಾರ್ತಿಕೇಯನ್ ಮುರಳಿ ಅವರು ಮ್ಯಾಗ್ನಸ್ ಕಾರ್ಲ್‌ಸನ್ ಅವರನ್ನೇ ಸೋಲಿಸಿದ ವಾರವದು. ಅಂದಿನಿಂದ ಶುಕ್ರವಾರದ ರಜೆಯಲ್ಲಿ ಕರಕ್ ಚಹಾ ಮುಂದಿಟ್ಟುಕೊಂಡು ಇಬ್ಬರು ಆಡುತ್ತೇವೆ. ನಾವು ಲೆಕ್ಕಪತ್ರದವರು; ಎದುರಿಗೆ ಕೂರುವವರು ಹಾವೇರಿ ಕಡೆಯ ಎ.ಸಿ. ಮೆಕ್ಯಾನಿಕ್. ಇಬ್ಬರದೂ ಕ್ಲಬ್ ಮಟ್ಟದ ಆಟ. ಸೋಲು-ಗೆಲುವು ಬರೆದಿಡಲು ನೋಟ್‌ಬುಕ್ ಇದೆ.

ಕಳೆದ ಶುಕ್ರವಾರ ಬಿಳಿ ಕಾಯಿ ಅವರದು. ಎರಡು ಗಂಟೆ ಕಳೆದಾಗ ಅವರಿಗೆ ಉಳಿದದ್ದು ರಾಜ, ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ, ಬಲ ಅಂಚಿನ ಕಾಲಾಳು. ನಮ್ಮ ಕಡೆ ಮೂಲೆ ಸೇರಿದ ರಾಜನೊಬ್ಬನೇ. "ಇನ್ನೇನ್ರಿ ಸರ್, ನಾ ಗೆದ್ದಂಗ ಆತಲ್ಲ" ಎಂದು ಅವರು ಮೀಸೆ ತಿರುವಿದರು.

ಸಂಜೆ ಆರೂವರೆಗೆ ಊರಿನ ಕರೆ ಬಂತು. ಅಲ್ಲಿ ರಾತ್ರಿ ಒಂಬತ್ತು. ಒಂಬತ್ತನೇ ತರಗತಿಯ ಮಗಳಿಗೆ ವಿಡಿಯೊದಲ್ಲೇ ಮಣೆ ತೋರಿಸಿದರು. ಹುಡುಗಿ ನೋಡಿದವಳೇ, "ಅಪ್ಪಾ, ಇದು ಡ್ರಾ. ಕಾಲಾಳು ಮಂತ್ರಿ ಆಗೋ ಮೂಲಿ ಮನಿ ಕಪ್ಪು ಐತಿ. ನಿನ್ನ ಒಂಟೆ ಅಲ್ಲಿಗೆ ಹೋಗಂಗೇ ಇಲ್ಲ" ಎಂದಳು.

ಅಪ್ಪ ನಂಬಲಿಲ್ಲ. ಹತ್ತು ನಡೆ ಹೆಚ್ಚಿಗೆ ಆಡಿದರು. ನಮ್ಮ ರಾಜ ಮೂಲೆ ಬಿಟ್ಟು ಕದಲಲಿಲ್ಲ. ಕೊನೆಗೆ ಕಾಲಾಳನ್ನು ಏಳನೇ ಸಾಲಿಗೆ ನೂಕಿದಾಗ ನಮ್ಮ ರಾಜನಿಗೆ ಚೆಕ್ಕೂ ಇಲ್ಲ, ಇಡಲು ಹೆಜ್ಜೆಯೂ ಇಲ್ಲ. ಸ್ಟೇಲ್‌ಮೇಟ್. ಅರ್ಧ ಅಂಕ ಅವರಿಗೆ, ಅರ್ಧ ನಮಗೆ.

ಅವರು ತುಸು ಹೊತ್ತು ಸುಮ್ಮನಿದ್ದರು. "ಕುದುರೆ ಹೆಂಗ ನಡೀತೈತಿ ಅಂತ ಆಕಿಗೆ ಹೇಳಿಕೊಟ್ಟಾಂವ ನಾನ. ಇದನ್ನೆಲ್ಲಾ ಯಾವಾಗ ಕಲ್ತಳ್ರಿ?" ಎಂದು ಕೇಳಿದರು. ಅವರು ಊರಿಗೆ ಹೋಗಿ ಎರಡು ವರ್ಷ ದಾಟಿದೆ. ನಮ್ಮ ಬಳಿ ಉತ್ತರವಿರಲಿಲ್ಲ. ನಮ್ಮ ಮಕ್ಕಳೂ ಹಾಗೆಯೇ ಬೆಳೆಯುತ್ತಿದ್ದಾರೆ.

ಪ್ರತಿ ವಾರ "ಊಟ ಆತಾ, ರೊಕ್ಕ ಮುಟ್ಟಿತಾ" ಎಂದು ಐದು ನಿಮಿಷಕ್ಕೆ ಮುಗಿಯುವ ಕರೆ ಅಂದು ಮುಕ್ಕಾಲು ಗಂಟೆ ನಡೆಯಿತು. ಈಗ ಮಗಳದೂ ಅಪ್ಪನದೂ ಫೋನಿನಲ್ಲೇ ಬೇರೆ ಆಟ ಶುರುವಾಗಿದೆ. ದಿನಕ್ಕೆ ಒಂದೊಂದು ನಡೆ. ಊರಲ್ಲಿರುವ ಮನೆಯವರೇ, ಕರೆಯಲ್ಲಿ ಮಾತು ಬೇಗ ತೀರುತ್ತಿದ್ದರೆ ನೀವೂ ಮಣೆ ಹಾಸಿ ನೋಡಿ. ಸೋತರೂ ಮಾರನೇ ದಿನ ಫೋನ್ ಬಂದೇ ಬರುತ್ತದೆ.