ಗೊನೆ ಮುಟ್ಟುವ ಮೊದಲು ದಾಟಬೇಕಾದ ಗಾಳಿ

ಮೇ ತಿಂಗಳು ಮುಗಿಯುತ್ತ ಬಂದಂತೆ ವಾಮದಪದವು ಸುತ್ತಲಿನ ಅಡಿಕೆ ತೋಟಗಳಲ್ಲಿ ಪಂಪಿನ ಸದ್ದು ಶುರುವಾಗುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಟ್ಟಾಗಬೇಕು. 40–45 ದಿನ ಕಳೆದ ಮೇಲೆ, ಆಟಿಯ ಮಳೆಯ ನಡುವೆ ಬಿಸಿಲು ಕಂಡ ದಿನ ನೋಡಿಕೊಂಡು ಇನ್ನೊಂದು ಸಲ. ತಪ್ಪಿದರೆ ಕೊಳೆರೋಗ ಬಂದು ಎಳೆಕಾಯಿಗಳೆಲ್ಲ ಮರದ ಬುಡಕ್ಕೆ ಉದುರುತ್ತವೆ. ಮದ್ದು ಅಂದರೆ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ದ್ರಾಕ್ಷಿ ತೋಟಗಳ ರೋಗಕ್ಕಾಗಿ 1885ರಲ್ಲಿ ಮಿಲಾರ್ಡೆ ಪ್ರಕಟಿಸಿದ ಮದ್ದು ಇದು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಇದನ್ನು ಅಡಿಕೆಗೆ ಒಗ್ಗಿಸಿದರು.

ಮದ್ದು ಕಲಸುವುದು ದೊಡ್ಡ ಮಾತಲ್ಲ. ಅದನ್ನು ಗೊನೆಗೆ ಮುಟ್ಟಿಸುವುದೇ ಕಷ್ಟ.

ಗೊನೆ 15 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಗಾಳಿಯೇ ಇಲ್ಲದಿದ್ದರೆ, ಸೆಕೆಂಡಿಗೆ 17 ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ನೇರ ಮೇಲಕ್ಕೆ ಚಿಮ್ಮಿದ ಹನಿ ಅಲ್ಲಿಗೆ ಏರಿಯೇ ಏರುತ್ತಿತ್ತು. ಹನಿ ದೊಡ್ಡದೋ ಸಣ್ಣದೋ ಎಂಬ ಭೇದವೇ ಇರುತ್ತಿರಲಿಲ್ಲ. ನಿಜವಾದ ತೋಟದಲ್ಲಿ ಹಾಗಾಗುವುದಿಲ್ಲ. ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪದ ಹನಿಯೊಂದು ಅದೇ ವೇಗದಲ್ಲಿ ಒಂಟಿಯಾಗಿ ಹೊರಟರೆ ಅರ್ಧ ಮೀಟರ್ ದಾಟುವುದರೊಳಗೆ ಅದರ ಓಟ ಮುಗಿದಿರುತ್ತದೆ. ಆಮೇಲೆ ಅದು ಗಾಳಿ ಒಯ್ದ ಕಡೆಗೆ ಹೋಗಬೇಕಷ್ಟೆ. ಸಾವಿರಾರು ಹನಿಗಳು ಒಟ್ಟಾಗಿ ಚಿಮ್ಮಿದಾಗ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಇನ್ನಷ್ಟು ದೂರ ಸಾಗುತ್ತವೆ, ನಿಜ. ಆದರೂ ಮಂಜಿನಂಥ ತುಂತುರು ನೆಲದಿಂದ ಗೊನೆ ಮುಟ್ಟದು.

ಒಂದು ಘನ ಮೀಟರ್ ಗಾಳಿಯ ತೂಕ ಒಂದು ಕಿಲೋಗಿಂತ ತುಸು ಹೆಚ್ಚೇ ಇದೆ. ಚಲಿಸುವ ಪ್ರತಿಯೊಂದು ವಸ್ತುವೂ ಎದುರಿನ ಗಾಳಿಯನ್ನು ಪಕ್ಕಕ್ಕೆ ಸರಿಸಿಯೇ ಮುಂದೆ ಹೋಗಬೇಕು. ಗಾಳಿ ಎಷ್ಟು ತಡೆಯುತ್ತದೆ ಎಂಬುದು ವಸ್ತುವಿನ ಎದುರುಮೈಯ ಹರವನ್ನು, ಆಕಾರವನ್ನು, ವೇಗವನ್ನು ಅವಲಂಬಿಸಿದೆ. ತೂಕವಾದರೋ ಗಾತ್ರದೊಂದಿಗೆ ಏರುತ್ತದೆ. ಹನಿಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಎದುರುಮೈ ಕಾಲು ಭಾಗವಾಗುತ್ತದೆ, ತೂಕ ಮಾತ್ರ ಎಂಟನೇ ಒಂದಕ್ಕೆ ಕುಸಿಯುತ್ತದೆ. ತಡೆಯನ್ನು ಎದುರಿಸಲು ಬೇಕಾದ ತೂಕವೇ ಸಣ್ಣ ಹನಿಯಲ್ಲಿ ಉಳಿಯುವುದಿಲ್ಲ. ತೀರ ಸಣ್ಣ ಹನಿಗಳಿಗಂತೂ ಗಾಳಿಯ ಅಂಟುಗುಣವೇ ದೊಡ್ಡ ಅಡ್ಡಿ.

ಮಳೆಹನಿಯನ್ನೇ ನೋಡಿ. 2000 ಮೀಟರ್ ಎತ್ತರದ ಮೋಡದಿಂದ ಬಿದ್ದ ಹನಿ, ಗಾಳಿ ತಡೆಯದಿದ್ದರೆ, ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ನೆಲಕ್ಕಪ್ಪಳಿಸುತ್ತಿತ್ತು. ಆಗ ಕೊಡೆಯೂ ಉಳಿಯುತ್ತಿರಲಿಲ್ಲ, ಗದ್ದೆಯ ನೇಜಿಯೂ ಉಳಿಯುತ್ತಿರಲಿಲ್ಲ. ವಾಸ್ತವದಲ್ಲಿ, ಬೀಳುವ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತ ಒಂದು ಹಂತದಲ್ಲಿ ಹನಿಯ ತೂಕಕ್ಕೆ ಸರಿಸಮವಾಗುತ್ತದೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ. 5 ಮಿಲಿಮೀಟರ್ ದಪ್ಪದ ಹನಿಗೆ ಈ ಮಿತಿ ಸೆಕೆಂಡಿಗೆ ಸುಮಾರು 9 ಮೀಟರ್. 1 ಮಿಲಿಮೀಟರಿನ ಹನಿಗೆ ಸುಮಾರು 4 ಮೀಟರ್. ಅದೇ ತೋಟದ ಹಣ್ಣಡಿಕೆ 15 ಮೀಟರಿನಿಂದ ಬಿದ್ದರೆ ಗಾಳಿ ಅದರ ವೇಗದಲ್ಲಿ ಹತ್ತನೇ ಒಂದು ಪಾಲನ್ನೂ ಕಡಿಮೆ ಮಾಡಲಾರದು.

ವೇಗದ ಲೆಕ್ಕ ಇನ್ನೂ ಕಟುವಾದದ್ದು. ವಾಹನಗಳ ಮಟ್ಟಿಗೆ ಹೇಳುವುದಾದರೆ, ವೇಗ ಎರಡು ಪಟ್ಟಾದಾಗ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ವಾಮದಪದವಿನ ತಿರುವುಗಳಲ್ಲಿ ಗಂಟೆಗೆ 40 ಕಿಲೋಮೀಟರಿನಲ್ಲಿ ಸಾಗುವ ಬೈಕ್ ಸವಾರ ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಬಿ.ಸಿ.ರೋಡ್ ದಾಟಿ ಹೆದ್ದಾರಿಯಲ್ಲಿ 80ಕ್ಕೆ ಏರಿದಾಗ ಎದೆಗೆ ಒತ್ತುವ ಗಾಳಿ ನಾಲ್ಕು ಪಟ್ಟು. ಆ ತಡೆಯನ್ನು ಗೆಲ್ಲಲು ಎಂಜಿನ್ ಪ್ರತಿ ಕ್ಷಣ ಒದಗಿಸಬೇಕಾದ ಶಕ್ತಿ ಎಂಟು ಪಟ್ಟು. ಪಿಕಪ್ಪಿನ ಹಿಂದೆ ಸಡಿಲವಾಗಿ ಪಟಪಟಿಸುವ ಟಾರ್ಪಾಲು ಇಂಧನ ಕುಡಿಯುವುದೂ ಇದೇ ಕಾರಣಕ್ಕೆ.

ತೋಟದಲ್ಲಿ ಇಕ್ಕಟ್ಟು ಬೇರೆಯದು. ಹನಿ ದಪ್ಪಗಿದ್ದರೆ ಮೇಲೇರುತ್ತದೆ, ಆದರೆ ಕಾಯಿಯ ನುಣುಪು ಮೈಯಿಂದ ಜಾರಿ ಮದ್ದೂ ದುಡ್ಡೂ ನೆಲದ ಪಾಲು. ಅದೇ ನೀರನ್ನು ಅರ್ಧ ದಪ್ಪದ ಹನಿಗಳಾಗಿ ಒಡೆದರೆ ಒಂದಕ್ಕೆ ಎಂಟು ಹನಿಗಳಾಗಿ ಗೊನೆಯ ಸಂದಿಸಂದಿಗೂ ಹರಡುತ್ತವೆ, ಆದರೆ ಅವು ದೂರ ಹೋಗಲಾರವು. ಇಷ್ಟು ಕಾಲ ಇದಕ್ಕೆ ಉತ್ತರವಾಗಿ ಇದ್ದದ್ದು ಮನುಷ್ಯ: ಪಾಚಿ ಕಟ್ಟಿದ ಮರವೇರಿ, ಹನಿ ಗಾಳಿಯಲ್ಲಿ ದಾಟಬೇಕಾದ ದೂರವನ್ನು ತನ್ನ ಮೈಯಿಂದಲೇ ಕಡಿಮೆ ಮಾಡುತ್ತಿದ್ದ ಕೆಲಸಗಾರ. ಅವರ ಶ್ರಮವನ್ನೂ ಅಪಾಯವನ್ನೂ ಅಡಿಕೆಯ ಲೆಕ್ಕಪತ್ರ ಯಾವತ್ತೂ ಪೂರ್ತಿಯಾಗಿ ತೋರಿಸಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲಿ ನಿಂತೇ ಮದ್ದಿನ ಮೂತಿಯನ್ನು ಗೊನೆಯ ಹತ್ತಿರಕ್ಕೆ ಒಯ್ಯಬಹುದು. ಡ್ರೋನಿನ ಪ್ರಯೋಗಗಳೂ ನಡೆದಿವೆ. ಅದರ ರೆಕ್ಕೆಗಳು ಕೆಳಕ್ಕೆ ತಳ್ಳುವ ಗಾಳಿ ಸಣ್ಣ ಹನಿಗಳನ್ನು ಹೊತ್ತು ತರುತ್ತದೆ. ಆದರೆ ಅಡಿಕೆ ಗೊನೆ ಇರುವುದು ಸೋಗೆಗಳ ಕೆಳಗೆ. ಮೇಲಿಂದ ಬಂದ ಮದ್ದಿಗೆ ಮೊದಲು ಸಿಗುವುದು ಸೋಗೆಯೇ.

ಗಾಳಿಯ ತಡೆಯನ್ನು ಇವರೆಲ್ಲರಿಗಿಂತ ಚೆನ್ನಾಗಿ ಬಲ್ಲ ಜೀವಿಯೊಂದು ಪಶ್ಚಿಮ ಘಟ್ಟದ ಅಡಿಕೆ ಮರಗಳಲ್ಲೇ ಇದೆ. ತೇಜಸ್ವಿಯವರ ‘ಕರ್ವಾಲೊ’ ಓದಿದವರೆಲ್ಲರಿಗೂ ಗೊತ್ತಿರುವ ಹಾರುವ ಓತಿ. ತೊಗಟೆಯ ಬಣ್ಣದ ಈ ಪುಟ್ಟ ಪ್ರಾಣಿಯ ಪಕ್ಕೆಲುಬುಗಳು ಉದ್ದವಾಗಿ ಬೆಳೆದು ಎರಡೂ ಬದಿಯಲ್ಲಿ ಚರ್ಮವನ್ನು ಹರಡುತ್ತವೆ. ಮರದಿಂದ ತಲೆ ಕೆಳಗಾಗಿ ಜಿಗಿದು, ಬೀಳುತ್ತ ವೇಗ ಗಳಿಸಿ, ರೆಕ್ಕೆ ಬಿಚ್ಚಿ ಇನ್ನೊಂದು ಮರಕ್ಕೆ ತೇಲುತ್ತದೆ.

ಜರ್ಮನಿಯ ಮ್ಯಾಕ್ಸಿಮಿಲಿಯನ್ ಡೆಹ್ಲಿಂಗ್ ಆಗುಂಬೆ ಬಳಿಯ ಅಡಿಕೆ ತೋಟದಲ್ಲಿ ಈ ಓತಿಗಳ ಹಾರಾಟವನ್ನು ಚಿತ್ರೀಕರಿಸಿ 2017ರಲ್ಲಿ ಹೊಸ ಸಂಗತಿಯೊಂದನ್ನು ಪ್ರಕಟಿಸಿದರು. ಜಿಗಿದ ಕೂಡಲೇ ಓತಿ ಮುಂಗೈಗಳನ್ನು ಹಿಂದಕ್ಕೆ ಚಾಚಿ ರೆಕ್ಕೆಯ ಮುಂದಿನ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ಕೈಗಳಿಂದಲೇ ದಾರಿಯನ್ನು ತಿದ್ದುತ್ತದೆ. ಇಳಿಯುವ ಕಾಂಡ ಹತ್ತಿರವಾದಾಗ ಮೈಯನ್ನು ಮೇಲಕ್ಕೆತ್ತುತ್ತದೆ. ಆಗ ಹೊಟ್ಟೆಯೂ ರೆಕ್ಕೆಯೂ ಗಾಳಿಗೆ ಎದುರಾಗಿ ವೇಗ ತಗ್ಗುತ್ತದೆ. ಕೊನೆಗೆ ರೆಕ್ಕೆಯನ್ನು ಬಿಟ್ಟು, ಕಾಂಡವನ್ನು ಹಿಡಿಯಲು ಕೈಗಳನ್ನು ಮುಂದೆ ಚಾಚುತ್ತದೆ.