ಮುನ್ನೋಟವೇ ಸಂಸ್ಕೃತಿಯ ಬುನಾದಿ

ಸಂಸ್ಕೃತಿ ಎಂದೊಡನೆ ನಮ್ಮ ಮನಸ್ಸು ಹಿಂದಕ್ಕೆ ಹೊರಳುತ್ತದೆ. ಹಿರಿಯರಿಂದ ಬಂದ ಆಚಾರವಿಚಾರಗಳ ಬಳುವಳಿಯೇ ಸಂಸ್ಕೃತಿ ಎಂದು ತಿಳಿಯುತ್ತೇವೆ. ಇದು ಅರ್ಧ ಸತ್ಯ. ಇಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಎಷ್ಟೋ ಮೌಲ್ಯಗಳು ಹುಟ್ಟಿದ ಕಾಲದಲ್ಲಿ ಸಂಪ್ರದಾಯವಾಗಿರಲಿಲ್ಲ. ಮುಂದನ್ನು ಕಂಡವರ ಧೈರ್ಯವಾಗಿದ್ದವು. ಹರಳಯ್ಯ, ಮಧುವರಸರ ಮನೆತನಗಳ ನಡುವಿನ ವಿವಾಹ ಅಂದಿನ ಕಲ್ಯಾಣದಲ್ಲಿ ಅಪರಾಧವೆನಿಸಿತು. ಶರಣ ಪರಂಪರೆ ಇಂದಿಗೂ ಅದನ್ನು ಸಮಾನತೆಯ ಹೆಗ್ಗುರುತೆಂದು ಸ್ಮರಿಸುತ್ತದೆ.

ಇಂತಹ ಮುನ್ನೋಟಕ್ಕೆ ಮಂಗಳೂರು ನಗರವೂ ಸಾಕ್ಷಿಯಾಗಿದೆ. ಕಾಸರಗೋಡು ಸೀಮೆಯಲ್ಲಿ 1859ರಲ್ಲಿ ಜನಿಸಿ, ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಶಾಲೆ ತೆರೆದರು. ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ರಾಯರು ಹಿಂಜರಿಯಲಿಲ್ಲ. ಒಬ್ಬ ವ್ಯಕ್ತಿಯ ಔದಾರ್ಯ ಅವನೊಡನೆಯೇ ಮುಗಿಯಬಾರದೆಂದು 1897ರಲ್ಲಿ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಸ್ಥಾಪಿಸಿದರು. ಅಕ್ಷರದೊಡನೆ ಕೈಕಸುಬನ್ನೂ ಕಲಿಸಿದರು. ಅನ್ನ ದುಡಿದು ತಿನ್ನುವ ಸ್ವಾಭಿಮಾನವಿಲ್ಲದೆ ವಿದ್ಯೆ ನಿಲ್ಲದೆಂಬುದನ್ನು ಅವರು ಬಲ್ಲವರಾಗಿದ್ದರು.

ಪರರಿಗೆ ಹೇಳಿದ್ದನ್ನು ತಮ್ಮ ಮನೆಯಲ್ಲಿಯೂ ಆಚರಿಸಿದರು. ಅವರ ಮಗಳು ರಾಧಾಬಾಯಿಯವರು ವರಿಸಿದ್ದು ಅನ್ಯಜಾತಿಯ ಪಿ. ಸುಬ್ಬರಾಯನ್ ಅವರನ್ನು. ಅದೇ ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಸಭೆಯಲ್ಲಿ ಭಾರತದ ಮಹಿಳೆಯರ ಪರವಾಗಿ ಪಾಲ್ಗೊಂಡರು.

ರಂಗರಾಯರು 1928ರಲ್ಲಿ ಕಾಲವಾದರು. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ವಿಧಿ ಜಾರಿಗೆ ಬಂದದ್ದು 1950ರಲ್ಲಿ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಜಾರಿಯಾದದ್ದು 2010ರಲ್ಲಿ. ಒಂದು ಕಾಲಕ್ಕೆ ಬಹಿಷ್ಕಾರಕ್ಕೆ ಕಾರಣವಾದ ಕಾರ್ಯ ಇಂದು ರಾಷ್ಟ್ರದ ಕರ್ತವ್ಯವಾಗಿದೆ. ನಗರದ ಪುರಭವನ ಇಂದು ಅವರ ಹೆಸರನ್ನೇ ಹೊತ್ತಿದೆ.

ಮುನ್ನೋಟವು ಸಂಸ್ಕೃತಿಯಾಗುವ ಬಗೆಯಿದು: ಮೊದಲು ಒಬ್ಬರ ನಡೆ, ಅನಂತರ ಒಂದು ಸಂಸ್ಥೆ, ಆಮೇಲೆ ನಾಡಿನ ಕಾನೂನು, ಕೊನೆಗೆ ಜನರ ಸಹಜ ರೂಢಿ. ಮೊದಲ ಮೂರು ಮೆಟ್ಟಿಲುಗಳನ್ನು ಹಿರಿಯರು ಕಟ್ಟಿಕೊಟ್ಟಿದ್ದಾರೆ. ಕೊನೆಯದು ನಮ್ಮ ಪಾಲಿನದು. ಕಾನೂನು ಶಾಲೆಯ ಬಾಗಿಲನ್ನು ತೆರೆಯಿಸಬಲ್ಲುದು, ಮನೆಯ ಪಂಕ್ತಿಯಲ್ಲಿ ಯಾರು ಕೂರಬೇಕೆಂಬುದನ್ನು ನಿರ್ಧರಿಸಲಾರದು. ಮಕ್ಕಳ ಮದುವೆಯ ಮಾತು ಬಂದಾಗ ನಾವು ಮೊದಲು ಕೇಳುವ ಪ್ರಶ್ನೆ ಗುಣವೋ, ಒಳಪಂಗಡವೋ? ಶರಣರ ಹೆಸರು ಹೇಳುವ ನಾವು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕಾಗಿದೆ.

ಬಳುವಳಿಯನ್ನು ಕಾಯುವುದು ಭಕ್ತಿಯ ಒಂದು ಮುಖ. ಮುಂದಿನವರಿಗೆ ಬಳುವಳಿಯಾಗುವಂತೆ ಬಾಳುವುದು ಇನ್ನೊಂದು ಮುಖ. ನಮ್ಮ ಮೊಮ್ಮಕ್ಕಳು ಇಂದಿನ ನಮ್ಮ ನಡೆಯನ್ನೇ ಸಂಸ್ಕೃತಿ ಎಂದು ಕರೆಯಲಿದ್ದಾರೆ. ಆ ಹೆಸರಿಗೆ ಅದು ತಕ್ಕುದಾಗಿರಲಿ.