ಹುಬ್ಬಳ್ಳಿಗೆ ಬಂದ ವಿಮಾನ ಬೆಳಗಾವಿಯದ್ದಾಗಿತ್ತು

ಹೊಳೆಆಲೂರಿನವರು ವಿಮಾನ ಹತ್ತಬೇಕು ಅಂದ್ರೆ ಮೊದಲು ರೈಲು ಹತ್ತಬೇಕು. ಗದಗ ದಾಟಿ ಹುಬ್ಬಳ್ಳಿಗೆ ಹೋದರೆ ಒಂದು ನಿಲ್ದಾಣ, ಇನ್ನೂ ಮುಂದೆ ಬೆಳಗಾವಿಗೆ ಹೋದರೆ ಇನ್ನೊಂದು. ಇವೆರಡರಲ್ಲಿ ಎಲ್ಲಿ ವಿಮಾನ ಸಿಗುತ್ತೆ ಅನ್ನೋದನ್ನು ಬರೀ ಪ್ರಯಾಣಿಕರ ಸಂಖ್ಯೆ ತೀರ್ಮಾನಿಸಲ್ಲ. ಸರ್ಕಾರದ ದುಡ್ಡು ಎತ್ತ ಹರಿಯುತ್ತೆ ಅನ್ನೋದೂ ತೀರ್ಮಾನಿಸುತ್ತೆ.

2018ರ ಮೇ ತಿಂಗಳನ್ನೇ ನೋಡಿ. ಹುಬ್ಬಳ್ಳಿ ಉಡಾನ್ ಯೋಜನೆಗೆ ಸೇರಿತ್ತು, ಬೆಳಗಾವಿ ಸೇರಿರಲಿಲ್ಲ. ಸ್ಪೈಸ್‌ಜೆಟ್ ಬೆಳಗಾವಿಯ ಹಾರಾಟ ನಿಲ್ಲಿಸಿ ಹುಬ್ಬಳ್ಳಿಯಿಂದ ಶುರು ಮಾಡಿತು. ಬೆಳಗಾವಿಯವರು ಸಿಟ್ಟಾದರು. ಅವರ ಊರಿನಲ್ಲಿ ಪ್ರಯಾಣಿಕರೇನೂ ಕಡಿಮೆಯಾಗಿರಲಿಲ್ಲ, ಪಕ್ಕದ ಊರಿಗೆ ಸಬ್ಸಿಡಿ ಬಂದಿತ್ತು ಅಷ್ಟೇ. ಮುಂದಿನ ಸುತ್ತಿನಲ್ಲಿ ಬೆಳಗಾವಿಯೂ ಪಟ್ಟಿಗೆ ಸೇರಿತು.

ಉಡಾನ್ ಲೆಕ್ಕ ಹೀಗಿದೆ. ವಿಮಾನದ ಸುಮಾರು ಅರ್ಧ ಸೀಟುಗಳನ್ನು ಕಡಿಮೆ ದರಕ್ಕೆ ಮಾರಬೇಕು. ಶುರುವಿನಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿ ಇತ್ತು. ಅದರಿಂದಾಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತೆ. ಅದರಲ್ಲಿ 20% ರಾಜ್ಯದ ಪಾಲು, ಅಂದ್ರೆ ಎಂದೂ ವಿಮಾನ ಹತ್ತದ ಹೊಳೆಆಲೂರಿನವರ ತೆರಿಗೆಯೂ ಅದರಲ್ಲಿದೆ. ಜೊತೆಗೆ ಆ ಮೂರು ವರ್ಷ ಆ ಮಾರ್ಗ ಗೆದ್ದ ಕಂಪನಿಯೊಂದಕ್ಕೇ ಮೀಸಲು. ಕಡಿಮೆ ಸಬ್ಸಿಡಿ ಕೇಳಿದವರಿಗೇ ಮಾರ್ಗ ಸಿಗೋದರಿಂದ ಹರಾಜು ನ್ಯಾಯವಾಗಿಯೇ ಇದೆ. ಆದ್ರೆ ಅದು ಕಂಪನಿ ಕಂಪನಿಗಳ ನಡುವಿನ ಹರಾಜು. ಊರು ಊರುಗಳ ನಡುವಿನ ಪೈಪೋಟಿ ಏನಾಗುತ್ತೆ ಅಂತ ಅಲ್ಲಿ ಯಾರೂ ಕೇಳಲ್ಲ.

ಯುರೋಪಿನಲ್ಲಿ ಕೇಳ್ತಾರೆ. ಬೆಲ್ಜಿಯಂನ ಶಾರ್ಲರುವಾ ನಿಲ್ದಾಣ ರಯಾನ್‌ಏರ್‌ಗೆ ಲ್ಯಾಂಡಿಂಗ್ ಶುಲ್ಕದಲ್ಲಿ ಭಾರಿ ರಿಯಾಯಿತಿ ಕೊಟ್ಟಿತ್ತು. ಇದು ಅಕ್ರಮ ಸರ್ಕಾರಿ ನೆರವು, ಒಂದಷ್ಟು ಹಣ ವಾಪಸ್ ಕೊಡಿ ಅಂತ 2004ರಲ್ಲಿ ಯುರೋಪಿಯನ್ ಕಮಿಷನ್ ಹೇಳಿತು. 2008ರಲ್ಲಿ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು: ಖಾಸಗಿ ಹೂಡಿಕೆದಾರನೊಬ್ಬ ಇದೇ ಒಪ್ಪಂದ ಮಾಡ್ತಿದ್ನಾ ಅನ್ನೋ ಪರೀಕ್ಷೆಯನ್ನು ಕಮಿಷನ್ ಸರಿಯಾಗಿ ಮಾಡಿಲ್ಲ ಅಂತ. ರಯಾನ್‌ಏರ್ ಗೆದ್ದರೂ ನಮಗೆ ಮುಖ್ಯವಾಗಿ ಕಾಣೋದು ಆ ಪರೀಕ್ಷೆ. ನಮ್ಮ ಸ್ಪರ್ಧಾ ಕಾಯ್ದೆ 2002ರಲ್ಲಿ ಕಂಪನಿಗಳ ಒಳಒಪ್ಪಂದಕ್ಕೆ, ಬಲದ ದುರುಪಯೋಗಕ್ಕೆ ತಡೆ ಇದೆ. ಸರ್ಕಾರವೇ ಒಬ್ಬರಿಗೆ ನೆರವು ಕೊಟ್ಟರೆ ಅಳೆಯೋಕೆ ಅದರಲ್ಲಿ ಪ್ರತ್ಯೇಕ ಮಾಪಕ ಇಲ್ಲ.

ದುಡ್ಡು ಕೊಡದೆಯೂ ನೆರವು ಕೊಡಬಹುದು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದ 2004ರ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ 25 ವರ್ಷ ಹೊಸ ನಿಲ್ದಾಣ ಬೇಡ ಅನ್ನೋ ಷರತ್ತಿದೆ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ನಿಲ್ದಾಣ ಶುರುವಾದದ್ದು 2008ರ ಮೇನಲ್ಲಿ, ಆದ್ದರಿಂದ 2033ರವರೆಗೆ ಕಟ್ಟು. ಎಚ್‌ಎಎಲ್ ನಿಲ್ದಾಣ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿತು. ರಾಜ್ಯ ಬೇರೆಯಾದ ಹೊಸೂರಿಗೂ ಈ ವೃತ್ತ ಅಡ್ಡ ಬಂತು. ಸಾವಿರಾರು ಕೋಟಿ ಹಾಕುವವರಿಗೆ ಸ್ವಲ್ಪ ಭದ್ರತೆ ಬೇಕು, ಒಪ್ಪೋಣ. ಆದ್ರೆ 25 ವರ್ಷ ಅಂದ್ರೆ ಈ ಲೇಖನ ಓದುವ ಎಷ್ಟೋ ಜನರ ವಯಸ್ಸಿಗಿಂತ ಜಾಸ್ತಿ!

ಮೆಕ್ಯಾನಿಕಲ್ ಭಾಷೆಯಲ್ಲಿ ಹೇಳೋದಾದ್ರೆ ಸಬ್ಸಿಡಿ ಒಂದು ಸ್ಟಾರ್ಟರ್ ಮೋಟರ್. ಎಂಜಿನ್ ಹಿಡಿದ ಮೇಲೆ ಅದು ಬಿಟ್ಟುಕೊಳ್ಳಬೇಕು. ಸಿಎಜಿಯ 2023ರ ವರದಿ ಪ್ರಕಾರ ಉಡಾನ್‌ನಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ 112 ಮಾತ್ರ ಮೂರು ವರ್ಷ ಮುಗಿಸಿದವು. ಸಬ್ಸಿಡಿ ನಿಂತ ಮೇಲೂ ಹಾರುತ್ತಿದ್ದದ್ದು 54.

ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಆಸ್ತಿ ನಗದೀಕರಣ ಪಟ್ಟಿಯಲ್ಲಿ ಖಾಸಗಿಯವರಿಗೆ ವಹಿಸಬಹುದಾದ 25 ನಿಲ್ದಾಣಗಳಿವೆ, ಅವುಗಳಲ್ಲಿ ಹುಬ್ಬಳ್ಳಿಯೂ ಒಂದು. ಆ ಒಪ್ಪಂದದ ಕರಡು ಬಂದ ದಿನ ನಾವು ಮೊದಲು ಹುಡುಕಬೇಕಾದದ್ದು ಕಿಲೋಮೀಟರ್ ಅನ್ನೋ ಪದವನ್ನು. ಹುಬ್ಬಳ್ಳಿಯಿಂದ ಬೆಳಗಾವಿ 100 ಕಿಲೋಮೀಟರ್ ಕೂಡ ಇಲ್ಲ.